ಕಾಗದಕ್ಕೂ ಬಾಯಿಗೂ ತಾಳೆ: ಪಿಯು ಓದುವ ಕಿರಿಯರಿಗೊಂದು ಪತ್ರ



ಕಾಲೇಜಿನ ಅರ್ಜಿ ಮೊದಲು ಕೇಳುವುದು ಹೆಸರನ್ನು; ಅಂಕದ ಮಾತು ಆಮೇಲೆ. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಎಸ್.’, ಆಧಾರ್‌ನಲ್ಲಿ ‘ಮಂಜುನಾಥ ಶಿವಪ್ಪ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುನಾಥ್ ಬಿನ್ ಶಿವಪ್ಪ’, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ ‘ಮಂಜು’ ಎಂದಿರುವ ಹುಡುಗರು ಕರ್ನಾಟಕದ ಪ್ರತಿ ಊರಲ್ಲೂ ಸಿಗುತ್ತಾರೆ. ಕೆಲವು ಕಡೆ ಇನಿಷಿಯಲ್ ಇಡುವ ರೂಢಿ, ಕೆಲವು ಕಡೆ ತಂದೆಯ ಹೆಸರಿನ ಜೊತೆ ಅಡ್ಡಹೆಸರು ಸೇರಿಸುವ ರೂಢಿ. ಮನೆಯವರಿಗೆ ಇವನೊಬ್ಬನೇ ಮಗ, ಕಂಪ್ಯೂಟರಿಗೆ ಮಾತ್ರ ನಾಲ್ವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕವೇ ಮುಂದೆ ಎಲ್ಲೆಡೆ ನಡೆಯುವ ಆಧಾರವಾದ್ದರಿಂದ, ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭದ ದಾರಿ. ಅಂಕಪಟ್ಟಿಯೇ ತಪ್ಪಾಗಿದ್ದರೆ ತಿದ್ದುಪಡಿಯ ಅರ್ಜಿ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ಹೆಸರಿನ ಪಟ್ಟಿಯನ್ನು ತೋರಿಸಿ ಸಹಿ ಹಾಕಿಸಿಕೊಳ್ಳುವಾಗ ಕಣ್ಣುಬಿಟ್ಟು ಓದಿದವನಿಗೆ ಈ ಓಡಾಟವಿಲ್ಲ.

ಎರಡನೆಯ ಕಟ್ಟು ಮೀಸಲಾತಿಯ ಕಾಗದಗಳದ್ದು. ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇವುಗಳಲ್ಲಿ ಯಾವುದಕ್ಕೆ ಸೇರಿದರೂ ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ತುಂಬಬೇಕು. ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಮೂಲಕ ಹಂಚುವ ಸೀಟುಗಳಲ್ಲಿ ಜಾತಿಯದಲ್ಲದ ಕೋಟಾಗಳೂ ಇವೆ. ಅವುಗಳ ಬಗ್ಗೆ ಹಳ್ಳಿಯ ಮನೆಗಳಲ್ಲೇ ತಿಳಿವಳಿಕೆ ಕಡಿಮೆ. 1ರಿಂದ 10ನೇ ತರಗತಿಯವರೆಗೆ ಒಂದು ವರ್ಷವೂ ತಪ್ಪದೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳು ಮೀಸಲು. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕಾಗುತ್ತದೆ. ನಾಲ್ಕನೇ ತರಗತಿವರೆಗೆ ಒಂದು ಊರು, ಏಳರವರೆಗೆ ಇನ್ನೊಂದು, ಆಮೇಲೆ ಹಾಸ್ಟೆಲ್ ಎಂದು ಓದಿದವರು ಮೂರು ಶಾಲೆ ಅಲೆಯಬೇಕು. ಈ ಕೆಲಸಕ್ಕೆ ಮೊದಲ ಪಿಯುಸಿಯ ಬೇಸಿಗೆ ರಜೆ ತಕ್ಕ ಹೊತ್ತು. ಫಲಿತಾಂಶ ಬಂದ ಮೇಲೆ ಹೊರಟವರು ಅಧಿಕಾರಿಯ ಬಾಗಿಲಲ್ಲಿ ಸರದಿ ನಿಲ್ಲುತ್ತಾರೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳಿವೆ. ಅದರ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಾಗಿ ಅರ್ಜಿ ಹಾಕುವವರು ಸಿಇಟಿಯ ಜೊತೆಗೆ 50 ಅಂಕದ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು.

ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ತಲಾ 60 ಅಂಕ, ತಲಾ 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕಾಲೇಜಿನ ಪರೀಕ್ಷೆ ಹೇಗಾದರೂ ಆಗಲಿ, ಸಿಇಟಿ ಒಂದಿದ್ದರೆ ಸಾಕು ಎನ್ನುವ ಮಾತು ಎಂಜಿನಿಯರಿಂಗ್‌ಗೆ ಹೋಗುವವರ ಮಟ್ಟಿಗೆ ಶುದ್ಧ ತಪ್ಪು. ಅಲ್ಲಿ ರ್‍ಯಾಂಕ್ ನಿರ್ಧಾರವಾಗುವುದು ದ್ವಿತೀಯ ಪಿಯುಸಿಯ ಐಚ್ಛಿಕ ವಿಷಯಗಳ ಅಂಕಕ್ಕೆ ಅರ್ಧ ಪಾಲು, ಸಿಇಟಿಗೆ ಅರ್ಧ ಪಾಲು ಕೊಟ್ಟು. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 120 ಪಡೆದವನ ಲೆಕ್ಕ ಶೇ. 78.33ಕ್ಕೆ ಬರುತ್ತದೆ. ವೈದ್ಯಕೀಯಕ್ಕೆ ನೀಟ್ ಬೇರೆ. ಅಲ್ಲಿ ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ. ಸಿಇಟಿಯ ಅಭ್ಯಾಸದಲ್ಲಿ ಕುರುಡು ಊಹೆಗೆ ಒಗ್ಗಿದ ಕೈ ನೀಟ್‌ನಲ್ಲಿ ಪೆಟ್ಟು ತಿನ್ನುತ್ತದೆ.

ಅತಿ ಹೆಚ್ಚು ಸೀಟು ಕೈತಪ್ಪುವ ಜಾಗ ಆಪ್ಷನ್ ಎಂಟ್ರಿ. ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದು ಇದರ ಕೆಲಸ. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಆ ರ್‍ಯಾಂಕಿಗೆ ದಕ್ಕುವ ಮೊದಲ ಸೀಟಿಗೆ ನಿಲ್ಲುತ್ತದೆ. ಅದರ ಕೆಳಗಿನವು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ‘ಹೇಗೂ ಸಿಗುತ್ತದೆ’ ಎಂಬ ಕಾಲೇಜನ್ನು ಮೇಲಿಟ್ಟು, ಮನಸ್ಸಿಗೆ ಹಿಡಿದದ್ದನ್ನು ಕೆಳಗಿಟ್ಟವನಿಗೆ ಮೇಲಿನದೇ ಗಂಟುಬೀಳುತ್ತದೆ. ಸಿಗುವುದು ಕಷ್ಟ ಎನಿಸಿದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಆಪ್ಷನ್ ಪಟ್ಟಿ ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಅದನ್ನು ನೋಡಬಹುದು, ಕ್ರಮಕ್ಕೆ ನೋಡಬಾರದು. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು, ಬೇಡವಾದದ್ದನ್ನು ತೆಗೆಯಲು ಅವಕಾಶವಿರುತ್ತದೆ. ಅಣಕು ಹಂಚಿಕೆಯ ಸೀಟು ಸೀಟಲ್ಲ.

ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳು. ಒಂದನೆಯದು, ಸೀಟು ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಎರಡನೆಯದು, ಸೀಟು ಕೈಯಲ್ಲಿಟ್ಟುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೂರನೆಯದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಕಣದಿಂದಲೇ ಹೊರಬರುವುದು. ಎರಡನೆಯದನ್ನು ಆರಿಸಿದವನಿಗೆ ಮೇಲಿನ ಸೀಟು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದಾಗುತ್ತದೆ. ‘ಹಳೆಯದೇ ಚೆನ್ನಾಗಿತ್ತು’ ಎನ್ನಲು ಆಗುವುದಿಲ್ಲ. ಆದ್ದರಿಂದ ಎರಡನೇ ಸುತ್ತಿಗೆ ಮುನ್ನ, ಸಿಕ್ಕಿದ್ದಕ್ಕಿಂತ ಮೇಲೆ ಉಳಿದಿರುವ ಪ್ರತಿಯೊಂದು ಸಾಲನ್ನೂ ‘ಇದು ಸಿಕ್ಕರೆ ಹೋಗುತ್ತೇನೆಯೇ’ ಎಂದು ಕೇಳಿಕೊಂಡು ಓದಬೇಕು. ಮೂರನೆಯದು ಧೈರ್ಯಶಾಲಿಗಳದ್ದೆಂದು ಗೆಳೆಯರು ಹೇಳುತ್ತಾರೆ. ಬಹಳ ಸಲ ಅದು ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕ ಹಾಕದ ಆತುರ. ಶುಲ್ಕ ಮತ್ತು ದಿನಾಂಕಗಳ ವಿವರ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಸಾಲಿನ ಕೈಪಿಡಿಯೇ ಪ್ರಮಾಣ. ಅಣ್ಣ ಅಕ್ಕಂದಿರ ನೆನಪು ನಂಬತಕ್ಕದ್ದಲ್ಲ. ಇದೆಲ್ಲ ನಡೆಯುವುದು ಸೈಬರ್ ಸೆಂಟರಿನಲ್ಲಾದರೂ ಮೊಬೈಲ್ ನಂಬರು, ಪಾಸ್‌ವರ್ಡ್, ಒಟಿಪಿ ಮೂರೂ ವಿದ್ಯಾರ್ಥಿಯ ಮನೆಯವೇ ಆಗಿರಬೇಕು.

ಕಾಗದದ ಮಾತು ಇಷ್ಟು, ಇನ್ನು ಬಾಯಿಯ ಮಾತು. ಸಂದರ್ಶನದ ಹೆದರಿಕೆ ಅದು ಇಲ್ಲದ ಕಡೆಗೂ ಹರಡಿದೆ. ಸಿಇಟಿ ಸೀಟಿಗೆ ಸಂದರ್ಶನವಿಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಅದನ್ನು ಕೈಬಿಟ್ಟಿದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ಆಯ್ಕೆ ಹತ್ತನೆಯ ತರಗತಿಯ ಅಂಕದ ಮೇಲೆ ನಡೆಯುತ್ತದೆ. ಸಂದರ್ಶನ ಇರುವುದು ಬೇರೆ ಕಡೆ: ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪದವಿ ಪ್ರವೇಶದಲ್ಲಿ, ಹಲವು ತಾಂತ್ರಿಕ ತರಬೇತಿ ಕೇಂದ್ರಗಳಲ್ಲಿ, ಕಾರ್ಖಾನೆಗಳ ಅಪ್ರೆಂಟಿಸ್ ಆಯ್ಕೆಯಲ್ಲಿ, ಖಾಸಗಿ ಕಂಪನಿಗಳಲ್ಲಿ.

‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಊರು, ಅಪ್ಪ, ಅಮ್ಮ, ಹವ್ಯಾಸ ಎಂದು ಬಾಯಿಪಾಠ ಒಪ್ಪಿಸುವವರೇ ಹೆಚ್ಚು. ಎದುರು ಕೂತವರು ಅದನ್ನು ಬೆಳಿಗ್ಗೆಯಿಂದ ಹತ್ತು ಸಲ ಕೇಳಿರುತ್ತಾರೆ. ಅವರಿಗೆ ಬೇಕಾದದ್ದು ವಿದ್ಯಾರ್ಥಿ ಕೈಯಾರೆ ಮಾಡಿ ಅರಿತ ಒಂದು ಕೆಲಸ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಹುಡುಗಿ ಹವ್ಯಾಸದ ಕಡೆ ‘ಪುಸ್ತಕ ಓದುವುದು’ ಎಂದು ಬರೆದು, ಯಾವ ಪುಸ್ತಕ ಎಂದಾಗ ತಡವರಿಸುತ್ತಾಳೆ. ಹುಳು ಪೊರೆ ಬಿಡಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆಗ ಸೊಪ್ಪು ಹಾಕಬಾರದು, ತಟ್ಟೆ ಒಣಗಿರಲು ಸುಣ್ಣ ಉದುರಿಸುತ್ತಾರೆ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ತಡವಾದರೆ ನೂಲು ಹಾಳಾಗುತ್ತದೆ ಎಂಬುದು ಅವಳಿಗೆ ನಿದ್ದೆಗಣ್ಣಲ್ಲೂ ಗೊತ್ತು. ಅರ್ಜಿಯಲ್ಲಿ ಅದನ್ನೇ ಬರೆದಿದ್ದರೆ ಮುಂದಿನ ಐದು ಪ್ರಶ್ನೆಗಳೂ ಅವಳಿಗೆ ಗೊತ್ತಿರುವ ಹೊಲದಲ್ಲೇ ಬೀಳುತ್ತಿದ್ದವು. ಹೆಸರಿನಂತೆ ಇಲ್ಲಿಯೂ ನೋಡುವುದು ತಾಳೆಯನ್ನೇ: ಕಾಗದದಲ್ಲಿದ್ದದ್ದು ಬಾಯಲ್ಲೂ ಬರುತ್ತದೆಯೇ ಎಂದು.

ತಾಂತ್ರಿಕ ಆಯ್ಕೆಗಳಲ್ಲಿ ಪ್ರಶ್ನೆ ಇನ್ನೂ ನೇರ. ವರ್ನಿಯರ್ ಕ್ಯಾಲಿಪರ್ ಕೈಗಿತ್ತು ಅಳೆಯಲು ಹೇಳಬಹುದು. ಪಿಯು ಪ್ರಯೋಗಾಲಯದ ಕ್ಯಾಲಿಪರಿನ ಲೀಸ್ಟ್ ಕೌಂಟ್ ಸಾಮಾನ್ಯವಾಗಿ 0.1 ಮಿ.ಮೀ., ವರ್ಕ್‌ಶಾಪಿನದು 0.02 ಮಿ.ಮೀ. ಸಂಖ್ಯೆ ಉರು ಹೊಡೆದವನು ಎರಡನೆಯದನ್ನು ಹಿಡಿದು ತಪ್ಪು ಹೇಳುತ್ತಾನೆ. ಮುಖ್ಯ ಮಾಪಕದ ಒಂದು ಭಾಗದಿಂದ ವರ್ನಿಯರಿನ ಒಂದು ಭಾಗ ಕಳೆಯಬೇಕು ಎಂಬುದು ತಿಳಿದವನು ಯಾವುದನ್ನು ಕೊಟ್ಟರೂ ಲೆಕ್ಕ ಹಾಕುತ್ತಾನೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಕಾರ್ಖಾನೆಯ ಆಯ್ಕೆಯಲ್ಲಿ ಕನ್ನಡದಲ್ಲಿ ಉತ್ತರಿಸಬಹುದೇ ಎಂದು ಮೊದಲೇ ಕೇಳಿದರೆ ಬಹಳ ಕಡೆ ಒಪ್ಪುತ್ತಾರೆ. ಇಂಗ್ಲಿಷೇ ಬೇಕು ಎನ್ನುವಲ್ಲಿ ಚಿಕ್ಕ ವಾಕ್ಯಗಳು ಸಾಕು. ಓದಿದ ವಿಷಯ, ಮಾಡಿದ ಕೆಲಸ, ಈ ಕೋರ್ಸೇ ಏಕೆ, ಇಷ್ಟನ್ನು ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಬೇಕು. ಮನಸ್ಸಿನಲ್ಲೇ ಹೇಳಿಕೊಂಡದ್ದು ನಾಲಿಗೆಗೆ ಇಳಿಯುವುದಿಲ್ಲ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’, ‘ಗೊತ್ತಿಲ್ಲ ಮೇಡಂ’ ಎಂದರೆ ಯಾರೂ ಎದ್ದು ಹೋಗು ಎನ್ನುವುದಿಲ್ಲ. ಬಟ್ಟೆ ಒಗೆದು ಇಸ್ತ್ರಿಯಾಗಿದ್ದರೆ ಆಯಿತು. ಹೊಸ ಬೂಟು ಆ ದಿನ ಕಾಲು ಕಚ್ಚುತ್ತದೆ.

ಆಯ್ಕೆಯಾದ ಮೇಲಿನ ಕಾಗದವನ್ನೂ ಓದಬೇಕು. ಕೊಡುವುದು ಸಂಬಳವೋ, ಅಪ್ರೆಂಟಿಸ್ ಕಾಯ್ದೆಯಡಿಯ ಸ್ಟೈಪೆಂಡೋ, ತರಬೇತಿ ಮುಗಿದ ಮೇಲೆ ಕೆಲಸದ ಭರವಸೆ ಬರವಣಿಗೆಯಲ್ಲಿದೆಯೇ, ನಡುವೆ ಬಿಟ್ಟರೆ ಬಾಂಡ್ ಹಣ ಕಟ್ಟಬೇಕೇ ಎಂಬುದು ಅದರಲ್ಲಿರುತ್ತದೆ. ಸಂದರ್ಶನಕ್ಕೆ ಮುಂಚೆ ಅಥವಾ ನಂತರ ‘ಡೆಪಾಸಿಟ್’ ಕೇಳುವವರಿಂದ ದೂರ ಉಳಿಯಬೇಕು. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ, ಕಚೇರಿಯಿಂದ ಹೊರಡುವ ಮುನ್ನ ವಾಪಸು ಪಡೆದು, ಅಲ್ಲಿ ಕೊಡುವ ಜೆರಾಕ್ಸ್ ಪ್ರತಿಗಳ ಮೇಲೆ ದಿನಾಂಕ ಮತ್ತು ಉದ್ದೇಶ ಬರೆದು ಸಹಿ ಹಾಕಿರಬೇಕು.