ಟ್ರೇಲರ್ ಕಟ್ಟುವ ಮುನ್ನ

ಅಮೆರಿಕದಲ್ಲಿರುವ ನಮ್ಮವರು ಅನೇಕರು ಸಣ್ಣ ಎಸ್‌ಯುವಿ ಕೊಂಡ ಮೇಲೆ ಅದರ ಹಿಂದೊಂದು ಟ್ರೇಲರ್ ಕಟ್ಟುವ ಆಸೆ ಪಡುತ್ತಾರೆ. ಆಸೆ ತಪ್ಪಲ್ಲ. ಆದರೆ ಹಿಚ್ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಹಾಕುವ ಕೊಂಡಿ) ಮೇಲೆ ಬರೆದ ತೂಕವನ್ನೇ ನಂಬಿ ಹೊರಟುಬಿಡಬೇಡಿ. ಹಿಚ್ 3,500 ಪೌಂಡ್ ತಡೆಯಬಹುದು. ಕಾರು ಎಳೆಯುವುದು 1,500 ಪೌಂಡ್ ಮಾತ್ರವಾದರೆ ನಿಮ್ಮ ಮಿತಿಯೂ ಅಷ್ಟೇ. ಮೊದಲು ಕಾರಿನ ಕೈಪಿಡಿ ತೆರೆದು ನೋಡಿ.

ಟ್ರೇಲರಿನ ತೂಕಕ್ಕೆ ಸಾಮಾನಿನ ತೂಕವನ್ನೂ ಸೇರಿಸಿ. ಒಟ್ಟು ಭಾರದಲ್ಲಿ ಶೇ. 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. ಸಾಮಾನೆಲ್ಲ ಹಿಂದಕ್ಕೆ ತುಂಬಿದರೆ ಹೆದ್ದಾರಿಯಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೇ ಎಳೆದಾಡುತ್ತದೆ.

ವೈರಿಂಗ್‌ನಲ್ಲಂತೂ ಅವಸರ ಬೇಡ. ಕಾರಿನ ಹಿಂದಿನ ದೀಪದ ವೈರ್ ಕತ್ತರಿಸಿ ನೇರವಾಗಿ ಟ್ರೇಲರಿಗೆ ಜೋಡಿಸುವ ಜಾಣತನ ಬಿಡಿ. ಎಷ್ಟೋ ಕಾರುಗಳಲ್ಲಿ ಬ್ರೇಕ್ ದೀಪ ಬೇರೆ, ಇಂಡಿಕೇಟರ್ ಬೇರೆ. ನಾಲ್ಕು ವೈರಿನ ಟ್ರೇಲರಿನಲ್ಲಿ ಎರಡಕ್ಕೂ ಒಂದೇ ದೀಪ. ಹಾಗಾಗಿ ನಡುವೆ ಕನ್ವರ್ಟರ್ ಬೇಕು. ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ಕರೆಂಟ್ ಪಡೆಯುವಂಥದ್ದನ್ನೇ ಆರಿಸಿ. ಆಗ ಕಾರಿನ ದೀಪದ ಸರ್ಕ್ಯೂಟ್ ಮೇಲೆ ಹೊರೆ ಬೀಳುವುದಿಲ್ಲ. ನಿಮ್ಮ ಮಾಡೆಲ್‌ಗೆಂದೇ ಮಾಡಿದ ಪ್ಲಗ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಬಿಳಿ ವೈರ್ ಅರ್ಥಿಂಗ್‌ನದು. ಬಣ್ಣ ಕೆರೆದ, ತುಕ್ಕಿಲ್ಲದ ಲೋಹಕ್ಕೆ ಅದನ್ನು ಬಿಗಿಯಿರಿ. ಟ್ರೇಲರಿನ ದೀಪ ಮಿಣುಕಿದರೆ ಮೊದಲು ನೋಡಬೇಕಾದ ಜಾಗವೂ ಅದೇ.

ಹೊರಡುವಾಗ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್, ಎಡ, ಬಲ ಎಲ್ಲ ದೀಪ ನೋಡಿಸಿ. ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಈ ಐದು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಬೇಡಿ.