ಕಾಳಿನ ತಟ್ಟೆ ಮತ್ತು ಕ್ಷಣದ ಬೆಳಕು

ಬಂಡೆಗಲ್ಲುಗಳಿಗೆ ಹೆಸರಾದ ನಮ್ಮ ಹೈದರಾಬಾದಿನಲ್ಲಿ ಹಾಡುವ ಹಕ್ಕಿಗಳಿಗೆ ಬರವಿಲ್ಲ. ಬೇವಿನ ಕೊಂಬೆಯಲ್ಲಿ ಪಿಕಳಾರ, ಅಂಗಳದ ಗೋಡೆಯ ಮೇಲೆ ಮಡಿವಾಳ, ದಾಸವಾಳದ ಹೂವಿನ ಮುಂದೆ ಸೂರಕ್ಕಿ—ಇವು ನಮ್ಮ ನಿತ್ಯದ ನೆರೆಯವರು. 1931–32ರಲ್ಲಿ ಡಾ. ಸಲೀಂ ಅಲಿಯವರು ಅಂದಿನ ಹೈದರಾಬಾದು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು. ಆಗ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳೂ ಈ ಸಂಸ್ಥಾನಕ್ಕೆ ಸೇರಿದ್ದವು. ಹಕ್ಕಿಯನ್ನು ಕೋವಿಯಿಂದ ಹೊಡೆದು, ಅದರ ಚರ್ಮವನ್ನು ಕಾದಿರಿಸಿ ಅಭ್ಯಸಿಸುವುದು ಆ ಕಾಲದ ರೂಢಿ. ಇಂದು ಜೀವವನ್ನು ತೆಗೆಯದೆ ರೂಪವನ್ನು ಹಿಡಿದಿಡುವ ಸಾಧನವಾಗಿ ಕ್ಯಾಮರಾ ಒದಗಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಈ ಕಲೆಯಲ್ಲಿ ಕೀರ್ತಿ ಪಡೆದರು.

ಹಕ್ಕಿಯ ಚಿತ್ರ ತೆಗೆಯುವುದು ಕಷ್ಟವೇಕೆ? ಅದು ಒಂದು ನಿಮಿಷವೂ ನಿಶ್ಚಲವಾಗಿರುವುದಿಲ್ಲ. ಪಿಕಳಾರವು ಸೆಕೆಂಡಿಗೆ 1 ಮೀಟರಿನ ವೇಗದಲ್ಲಿ ಕತ್ತು ತಿರುಗಿಸಿತೆಂದು ಭಾವಿಸೋಣ. ಕ್ಯಾಮರಾದ ಕಿಂಡಿ 1/250 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಕೊಕ್ಕು 4 ಮಿಲಿಮೀಟರು ಸರಿದಿರುತ್ತದೆ, ಚಿತ್ರ ಮಸುಕಾಗುತ್ತದೆ. ವಿದ್ಯುತ್ ಫ್ಲಾಷ್‌ದೀಪದ ಶಕ್ತಿಯನ್ನು ತಗ್ಗಿಸಿದರೆ ಅದರ ಬೆಳಕು ಸುಮಾರು 1/10000 ಸೆಕೆಂಡು ಮಾತ್ರ ಬೆಳಗುತ್ತದೆ. ಆ ಅವಧಿಯಲ್ಲಿ ಕೊಕ್ಕು ಸರಿಯುವುದು ಕೇವಲ 0.1 ಮಿಲಿಮೀಟರು. ಗರಿಯ ಎಳೆ ಎಳೆಯೂ ಸ್ಪಷ್ಟವಾಗಿ ಮೂಡುವುದು ಇದರಿಂದಲೇ. ಆದರೆ ಬಿಸಿಲು ಪ್ರಖರವಾಗಿದ್ದರೆ ಅದರ ಬೆಳಕಿನಿಂದ ಎರಡನೆಯ ಮಸುಕು ರೂಪವೂ ಮೂಡುತ್ತದೆ. ಆದುದರಿಂದ ನೆರಳಿನ ಸ್ಥಳವೇ ಯೋಗ್ಯ.

ಇಲ್ಲಿ ಇನ್ನೊಂದು ನಿಯಮವನ್ನು ನೆನೆಯಬೇಕು. ದೂರವು ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮುಮ್ಮಡಿಯಾದರೆ ಒಂಬತ್ತನೆಯ ಒಂದಂಶಕ್ಕೆ ಇಳಿಯುತ್ತದೆ. ಶಕ್ತಿ ತಗ್ಗಿಸಿದ ದೀಪವು ಹಕ್ಕಿಗೆ ಹತ್ತಿರದಲ್ಲಿಯೇ ಇರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಹಕ್ಕಿ ಎಲ್ಲಿ ಬಂದು ಕೂರುವುದೆಂದು ಮೊದಲೇ ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಕಾಳಿನ ತಟ್ಟೆಯ ಪ್ರಯೋಜನವೇ ಇದು. ಗುಬ್ಬಚ್ಚಿಗೆ ನವಣೆ, ಪಿಕಳಾರಕ್ಕೆ ಪರಂಗಿಹಣ್ಣು. ಹುಳ ತಿನ್ನುವ ಮಡಿವಾಳವನ್ನು ಕರೆಯಲು ನೀರಿನ ಬಟ್ಟಲು ಸಾಕು. ತಟ್ಟೆಯ ಪಕ್ಕದಲ್ಲಿ ಒಂದು ಒಣಕೊಂಬೆಯನ್ನು ನೆಟ್ಟರೆ ಹಕ್ಕಿಯು ಇಳಿಯುವ ಮುನ್ನ ಅದರ ಮೇಲೆ ಕೂರುತ್ತದೆ. ಕ್ಯಾಮರಾವನ್ನು ಆ ಕೊಂಬೆಗೆ ಹೊಂದಿಸಬೇಕು. ದೀಪಗಳೆರಡನ್ನು ಇಕ್ಕೆಲಗಳಲ್ಲಿ ಇಟ್ಟು, ತೆಳುವಾದ ಬಿಳಿಬಟ್ಟೆಯಿಂದ ಬೆಳಕನ್ನು ಮೃದುಗೊಳಿಸಬೇಕು. ಹಿನ್ನೆಲೆ ದೂರವಿದ್ದರೆ ಹಗಲೂ ಇರುಳಿನಂತೆ ಕಪ್ಪಾಗಿ ಕಾಣುವುದು. ಅದಕ್ಕಾಗಿ ಸ್ವಲ್ಪ ಹಿಂದೆ ಹಸುರೆಲೆಯ ಕುಂಡವನ್ನಿಡಬಹುದು. ಸೂರಕ್ಕಿಯ ನೀಲಿಮಿನುಗು ಬಣ್ಣದ ಲೇಪವಲ್ಲ, ಗರಿಯ ಸೂಕ್ಷ್ಮರಚನೆಯಿಂದ ಹುಟ್ಟಿದ್ದು. ದೀಪದ ಕೋನ ಬದಲಾದರೆ ಮಿನುಗೂ ಬದಲಾಗುತ್ತದೆ.

ಇನ್ನು ಕರ್ತವ್ಯದ ಮಾತು. ತಟ್ಟೆಯನ್ನು ಇರಿಸುವ ಮೊದಲ ಕೆಲವು ದಿನ ಹಕ್ಕಿಗೆ ಸ್ಥಳ ರೂಢಿಯಾಗಲಿ. ಬಳಿಕ ದೀಪವನ್ನು ತರಬೇಕು. ಒಮ್ಮೆ ಬೆಳಗಿದಾಗ ಹಕ್ಕಿ ಹಾರಿ, ಮರಳಿ ಬಾರದಿದ್ದರೆ ಆ ದಿನದ ಕೆಲಸವನ್ನು ನಿಲ್ಲಿಸಬೇಕು. ಇರುಳಿನಲ್ಲಿ ಗೂಬೆಯ ಕಣ್ಣಿಗೆ ಈ ಬೆಳಕನ್ನು ಬೀರಲಾಗದು. ಕತ್ತಲೆಗೆ ಹೊಂದಿದ ಕಣ್ಣು ಅದರಿಂದ ಕೋರೈಸುತ್ತದೆ. ಗೂಡಿನ ಸಮೀಪಕ್ಕಂತೂ ಕ್ಯಾಮರಾ ಸುಳಿಯಲೇ ಬಾರದು. ಎಲೆ ಸರಿಸಿ ಚಿತ್ರ ತೆಗೆದವನು ಹೋದ ಮೇಲೆ ಅದೇ ದಾರಿಯಲ್ಲಿ ಕಾಗೆಯೂ ಬೆಕ್ಕೂ ಬರುತ್ತವೆ. ಬೆದರಿದ ತಾಯಿ ದೂರ ಉಳಿದರೆ ಮರಿಗಳು ಹಸಿವಿನಿಂದಲೂ ಬಿಸಿಲಿನಿಂದಲೂ ಬಳಲುತ್ತವೆ. ತಟ್ಟೆಯನ್ನು ದಿನವೂ ತೊಳೆಯಬೇಕು. ಕೊಳೆತ ಕಾಳಿನಿಂದ ರೋಗವು ಹಕ್ಕಿಯಿಂದ ಹಕ್ಕಿಗೆ ಹರಡುತ್ತದೆ. ಉಪ್ಪು, ಎಣ್ಣೆಯ ತಿಂಡಿಗಳನ್ನು ಹಾಕಬಾರದು.

ವಿದ್ಯಾರ್ಥಿಗಳೇ, ಕ್ಯಾಮರಾ ಎಲ್ಲರ ಮನೆಯಲ್ಲಿಯೂ ಇರಲಾರದು. ನೀರಿನ ಬಟ್ಟಲನ್ನಿಡಲು ಹಣ ಬೇಕಿಲ್ಲ. ಬೇಸಿಗೆಯಲ್ಲಿ ಒಂದನ್ನಿಟ್ಟು, ಯಾವ ಹಕ್ಕಿ ಯಾವ ಹೊತ್ತಿಗೆ ಬಂದಿತೆಂದು ಬರೆದಿಡಿರಿ. ಮುಂದೆ ಚಿತ್ರ ತೆಗೆಯುವ ದಿನ ಬಂದಾಗ, ಬೆಳಕನ್ನು ಎಲ್ಲಿಡಬೇಕೆಂಬುದನ್ನು ಆ ಬರಹವೇ ನಿಮಗೆ ತಿಳಿಸುವುದು.