ಕೊನೆಯಲ್ಲಿ ಕೂತವರ ಬಲ: ಲಿಮಿಟ್ ಪೋಕರ್‌ನಲ್ಲಿ ಜಾಗ ನೋಡಿ ರೈಸ್ ಮಾಡುವುದು ಹೇಗೆ?

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಊಟ ಮುಗಿಯುತ್ತಿದ್ದಂತೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಇಸ್ಪೀಟು ಹೊರಗೆ ಬರುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯವರಿಗೆ ರಮ್ಮಿ, ಅಂದರ್ ಬಾಹರ್, ಮೂರೆಲೆ ಆಟಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಸಾಲಿಗೆ ಲಿಮಿಟ್ ಪೋಕರನ್ನೂ ಸೇರಿಸಿಕೊಳ್ಳಿ ಎನ್ನಲು ಕಾರಣವಿದೆ. ಅಂದರ್ ಬಾಹರ್ ಪೂರ್ತಿ ಅದೃಷ್ಟದ ಆಟ. ಮೂರೆಲೆಯಲ್ಲಿ ಜೇಬು ಗಟ್ಟಿ ಇದ್ದವರು ಪಂದ್ಯ ಏರಿಸಿಯೇ ಉಳಿದವರನ್ನು ಎಬ್ಬಿಸಬಹುದು. ಲಿಮಿಟ್ ಪೋಕರ್‌ನಲ್ಲಿ ಎಷ್ಟು ಏರಿಸಬೇಕು ಎನ್ನುವುದು ಮೊದಲೇ ನಿಗದಿ. ಹಾಗಾಗಿ ಯಾವಾಗ ಏರಿಸುತ್ತೀರಿ, ಎಲ್ಲಿ ಕೂತು ಏರಿಸುತ್ತೀರಿ ಎನ್ನುವುದರಲ್ಲೇ ಆಟ ಇದೆ.

ದುಡ್ಡು ಬೇಡ, ತಲೆಗೆ ನೂರು ಹುಣಸೆ ಬೀಜ ಸಾಕು. ಪೋಕರ್ ಅನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತ್ತು. 2022ರ ಫೆಬ್ರವರಿಯಲ್ಲಿ, ಕೌಶಲದ ಆಟಗಳನ್ನೂ ನಿಷೇಧಕ್ಕೆ ಎಳೆದಿದ್ದ ರಾಜ್ಯದ ತಿದ್ದುಪಡಿಯನ್ನು ರದ್ದುಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ನೋಡದೆ ನಿಷೇಧಿಸಿದೆ. ಮೊಬೈಲಿನ ಆಟದಲ್ಲಿ ಹೊಲ ಮಾರಿಕೊಂಡವರ ಸುದ್ದಿ ಓದಿದವರಿಗೆ ಬೀಜವೇ ಸಾಕು ಅನ್ನಿಸುತ್ತದೆ. ಲೆಕ್ಕ ಕಲಿಯಲು ಅದರಿಂದ ಏನೂ ಕೊರತೆಯಾಗದು.

ಮೊದಲು ಪಂದ್ಯದ ಅಳತೆ

ಪ್ರತಿಯೊಬ್ಬರಿಗೂ ಕೈಯಲ್ಲಿ ಎರಡೆಲೆ. ನಡುವೆ ಎಲ್ಲರಿಗೂ ಸೇರಿದ ಐದೆಲೆ. ಅವು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಂದು ತೆರೆದುಕೊಳ್ಳುತ್ತವೆ. ಏಳರಲ್ಲಿ ಉತ್ತಮವಾದ ಐದು ನಿಮ್ಮ ಕೈ. ಪಂದ್ಯಕ್ಕೆ ನಾಲ್ಕು ಸುತ್ತು. ಮೊದಲೆರಡು ಸುತ್ತಿನಲ್ಲಿ ಬೆಟ್ ಮತ್ತು ರೈಸ್ ಎರಡೆರಡೇ ಬೀಜ, ಕೊನೆಯೆರಡರಲ್ಲಿ ನಾಲ್ಕು ನಾಲ್ಕು. ಒಂದು ಸುತ್ತಿಗೆ ಒಂದು ಬೆಟ್, ಮೂರು ರೈಸ್, ಅದಕ್ಕೆ ಮೇಲಿಲ್ಲ. ಮೊದಲು ಕಟ್ಟಿದರೆ ಬೆಟ್, ಅದನ್ನು ಏರಿಸಿದರೆ ರೈಸ್, ಅದಕ್ಕೆ ಸಮನಾಗಿ ಕಟ್ಟಿದರೆ ಕಾಲ್, ಯಾರೂ ಕಟ್ಟದಿದ್ದಾಗ ಏನೂ ಕಟ್ಟದೆ ಸರದಿ ದಾಟಿಸಿದರೆ ಚೆಕ್, ಎಲೆ ಇಟ್ಟು ಎದ್ದರೆ ಪ್ಯಾಕ್. ಎಲೆ ಹಂಚಿದವರ ಮುಂದೆ ಒಂದು ಬಾಟಲಿ ಮುಚ್ಚಳ ಇಡಿ, ಅದೇ ಬಟನ್. ಅವರ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ 1 ಮತ್ತು 2 ಬೀಜ ಬ್ಲೈಂಡ್ ಹಾಕುತ್ತಾರೆ. ಆಟ ಎಡಕ್ಕೆ ಸಾಗುತ್ತದೆ, ಕೈ ಮುಗಿದಾಗಲೆಲ್ಲ ಬಟನ್ ಕೂಡ ಎಡಕ್ಕೆ ಒಂದು ಜಾಗ ಸರಿಯುತ್ತದೆ.

ಜಾಗದ ಬೆಲೆ

ನಡುವಿನ ಎಲೆ ತೆರೆದ ಮೇಲೆ ಬಟನ್ ಇರುವವರದು ಯಾವಾಗಲೂ ಕೊನೆಯ ಮಾತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವವರಿಗೆ ಇದು ಗೊತ್ತು: ಮೊದಲು ಬೆಲೆ ಹೇಳಿದವರ ಮನಸ್ಸು ಎದುರಿನವರಿಗೆ ತಿಳಿದುಹೋಗುತ್ತದೆ.

ಇದು ಬರೀ ಅನುಭವದ ಮಾತಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕೆಲ್ ಬೌಲಿಂಗ್ ತಂಡ, ಲಿಮಿಟ್ ಹೋಲ್ಡೆಮ್ ಎಂಬ ಇದೇ ಆಟವನ್ನು ಇಬ್ಬರೇ ಆಡುವ ರೂಪಕ್ಕೆ ಕಂಪ್ಯೂಟರಿನಿಂದ ಹೆಚ್ಚುಕಡಿಮೆ ಪೂರ್ಣ ಉತ್ತರ ಕಂಡುಹಿಡಿದು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಇಬ್ಬರೂ ತಪ್ಪಿಲ್ಲದೆ ಆಡಿದರೂ ಬಟನ್ ಕಡೆಯವರಿಗೆ ಸಾವಿರ ಕೈಗೆ ಸುಮಾರು 88 ದೊಡ್ಡ ಬ್ಲೈಂಡ್ ಲಾಭ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯವೆನಿಸಿತು: ಬಟನ್‌ನಲ್ಲಿ ಆ ಪ್ರೋಗ್ರಾಮ್ ಮೊದಲ ಸರದಿಗೆ ಸುಮ್ಮನೆ ಕಾಲ್ ಮಾಡುವುದು ತೀರಾ ಅಪರೂಪ. ಆಡುವಂಥ ಎಲೆಯಾದರೆ ರೈಸ್, ಇಲ್ಲದಿದ್ದರೆ ಪ್ಯಾಕ್.

ಎಂಟು ಹತ್ತು ಜನ ಕೂತಾಗ ಹೀಗೆ ಮಾಡಿ. ಬ್ಲೈಂಡಿನ ಪಕ್ಕದಲ್ಲೇ ಇದ್ದರೆ ಹತ್ತರಿಂದ ಮೇಲಿನ ಜೋಡಿ, ಎಕ್ಕ–ರಾಜ, ಎಕ್ಕ–ರಾಣಿ ಬಂದರೆ ಮಾತ್ರ ಒಳಗೆ ಬನ್ನಿ. ಬಟನ್ ಹತ್ತಿರವಾದಂತೆ ರಾಜ–ರಾಣಿ, ಎಕ್ಕ–ಹತ್ತು, ಒಂಬತ್ತರ ಜೋಡಿಯಂಥವನ್ನೂ ಸೇರಿಸಿಕೊಳ್ಳಿ. ಸಾಧಾರಣ ಎಲೆಗೂ ಆಡುವ ಒಬ್ಬರೇ ಕಾಲ್ ಮಾಡಿ ಒಳಗೆ ಬಂದಿದ್ದಾರೆಯೇ? ನೀವು ರೈಸ್ ಮಾಡಿ. ಚಿಕ್ಕ ಬ್ಲೈಂಡಿನವರು ಇನ್ನೂ 3 ಬೀಜ, ದೊಡ್ಡ ಬ್ಲೈಂಡಿನವರು 2 ಬೀಜ ತೆರಬೇಕು. ಅವರು ಎದ್ದರೆ, ದುರ್ಬಲ ಆಟಗಾರರೊಬ್ಬರ ಎದುರು ಕೊನೆಯ ಮಾತು ನಿಮ್ಮದಾಗುತ್ತದೆ.

ಗುಂಪು ಕರಗಿಸುವ ರೈಸ್

ನನ್ನ ಮಟ್ಟಿಗೆ ಈ ಆಟದ ಸೊಗಸೆಲ್ಲ ಇಲ್ಲಿದೆ. ನಿಮ್ಮ ಕೈಯಲ್ಲಿ ಎಕ್ಕ–ರಾಜ, ನಡುವೆ ರಾಜ, ಎಂಟು, ಮೂರು. ಗುಡ್ಡೆಯಲ್ಲಿ 10 ಬೀಜ. ನಿಮ್ಮ ಬಲಗಡೆಯವರು 2 ಕಟ್ಟಿದರು. ನೀವು ಬರೀ ಕಾಲ್ ಮಾಡಿದರೆ ಗುಡ್ಡೆ 14 ಆಗುತ್ತದೆ. ಎಂಟು–ಏಳು ಹಿಡಿದು ನಿಮ್ಮ ಹಿಂದೆ ಕೂತವರು 2 ಕೊಟ್ಟು 14ಕ್ಕೆ ಆಸೆಪಡಬಹುದು. ಅವರ ಕೈ ಸುಧಾರಿಸುವ ಎಲೆ ಕಾಣದ 47ರಲ್ಲಿ ಐದೇ; ಆದರೂ ಈ ಅಗ್ಗದ ಬೆಲೆಗೆ ಕಾಲ್ ಮಾಡುವ ಮನಸ್ಸಾಗುತ್ತದೆ. ನೀವು ರೈಸ್ ಮಾಡಿದರೆ ಗುಡ್ಡೆ 16, ಅವರು ತೆರಬೇಕಾದ್ದು 4. ಒಂದಕ್ಕೆ ಏಳು ಸಿಗುತ್ತಿದ್ದಲ್ಲಿ ಈಗ ಒಂದಕ್ಕೆ ನಾಲ್ಕು. ಲೆಕ್ಕ ಬಲ್ಲವರು ಎಲೆ ಇಡುತ್ತಾರೆ.

ಹೀಗಾಗಿ ಬಟನ್ ಎಲ್ಲಿದೆ ಎಂದಷ್ಟೇ ಅಲ್ಲ, ಬೆಟ್ ಮಾಡುವವರು ನಿಮ್ಮ ಯಾವ ಕಡೆ ಇದ್ದಾರೆ ಎಂದೂ ನೋಡಿ. ಮೊದಲ ಸುತ್ತಿನಲ್ಲಿ ರೈಸ್ ಮಾಡಿದವರು ಸಾಲಿನ ಕೊನೆಯಲ್ಲಿದ್ದು ನೀವು ಮೊದಲಿದ್ದರೆ, ಚೆಕ್ ಮಾಡಿ ಕಾಯಿರಿ. ಅವರು ಬೆಟ್ ಮಾಡಿದ ಕೂಡಲೆ ನೀವು ರೈಸ್ ಮಾಡಿದರೆ, ನಡುವಿನವರೆಲ್ಲ ಒಟ್ಟಿಗೆ ಎರಡು ಬೆಟ್ ತೆರಬೇಕು. ಅವರು ನಿಮ್ಮ ಎಡಗಡೆಯೇ ಇದ್ದರೆ ನೀವೇ ಬೆಟ್ ಮಾಡಿ. ಅವರು ರೈಸ್ ಮಾಡಿ ನಿಮ್ಮ ಕೆಲಸ ಮುಗಿಸಿಕೊಡುತ್ತಾರೆ. ಮೂರು ಎಂಟರಂಥ ಗಟ್ಟಿ ಕೈ ಇದ್ದರೆ ಮಾತ್ರ ತಿರುವು ಮುರುವು ಮಾಡಿ. ಎಡಗಡೆಯವರು ಬೆಟ್ ಮಾಡಲಿ, ಎಲ್ಲರೂ ಕಾಲ್ ಮಾಡಲಿ, ಆಮೇಲೆ ರೈಸ್. ಆಗ ಜನ ಚದುರಿಸುವುದಲ್ಲ, ಬೀಜ ಬಾಚುವುದು ಉದ್ದೇಶ.

ಒಂದೆಲೆ ಪುಕ್ಕಟೆ

ನೀವು ಬಟನ್. ಕೈಯಲ್ಲಿ ಎರಡು ಆಟಿನ್, ನಡುವೆ ಇನ್ನೆರಡು. ಫ್ಲಶ್‌ಗೆ, ಅಂದರೆ ಒಂದೇ ಜಾತಿಯ ಐದೆಲೆಗೆ, ಒಂದು ಕಡಿಮೆ. ಎದುರಿನವರು 2 ಕಟ್ಟಿದಾಗ ನೀವು 4ಕ್ಕೆ ಏರಿಸಿ. ಮುಂದಿನ ಸುತ್ತಿನಲ್ಲಿ ಅವರು ಹೆದರಿ ಚೆಕ್ ಮಾಡುವುದೇ ಹೆಚ್ಚು. ಆಟಿನ್ ಬಂದಿದ್ದರೆ ಬೆಟ್ ಮಾಡಿ. ಬಾರದಿದ್ದರೆ ನೀವೂ ಚೆಕ್ ಮಾಡಿ, ಕೊನೆಯೆಲೆ ಪುಕ್ಕಟೆ. ಸುಮ್ಮನೆ ಕಾಲ್ ಮಾಡುತ್ತ ಹೋಗಿದ್ದರೆ 2 ಮತ್ತು 4 ಸೇರಿ 6 ಬೀಜ ಖರ್ಚು, ಈಗ 4. ಎರಡೆಲೆಯೊಳಗೆ ಫ್ಲಶ್ ಕೂಡುವ ಸಾಧ್ಯತೆ ನೂರಕ್ಕೆ ಸುಮಾರು 35.

ಅವರು ಮತ್ತೆ ರೈಸ್ ಮಾಡಿದರೆ ಉಪಾಯ ಕೆಟ್ಟಿತು ಎಂದೇ ತಿಳಿಯಿರಿ. ಕಾಲ್ ಮಾಡಿ, ಮುಂದಿನ ಸುತ್ತಿನಲ್ಲಿ ಗುಡ್ಡೆ ಎಣಿಸಿ. ಒಂದೇ ಎಲೆ ಉಳಿದಾಗ ಫ್ಲಶ್ ಕೂಡುವುದು ಐದು ಸಲದಲ್ಲಿ ಸುಮಾರು ಒಂದು ಸಲ. ಆದ್ದರಿಂದ 4 ತೆರಲು ಗುಡ್ಡೆಯಲ್ಲಿ ಎದುರಿನವರ ಬೆಟ್ ಸೇರಿ 17 ಬೀಜವಾದರೂ ಇರಬೇಕು. ಬ್ಲೈಂಡಿನಲ್ಲಿ ಕೂತು, ಮೊದಲು ಮಾತಾಡುವ ಜಾಗದಿಂದ ಇದನ್ನು ಮಾಡಲು ಹೋಗಬೇಡಿ. ನೀವು ಚೆಕ್ ಮಾಡಿದರೆ ಹಿಂದಿನವರು ಬೆಟ್ ಮಾಡುತ್ತಾರೆ, ಪುಕ್ಕಟೆ ಎಲೆಗೆ ಬೆಲೆ ತೆರಬೇಕಾಗುತ್ತದೆ.

ಮನೆಯಲ್ಲಿ ಕಲಿಯುವಾಗ ಬಟನ್ ಒಂದು ಸುತ್ತು ಬರುವವರೆಗೆ ಎಲ್ಲರ ಎಲೆಯನ್ನೂ ತೆರೆದಿಟ್ಟೇ ಆಡಿ. ರೈಸ್ ಮಾಡುವವರು, ಯಾರನ್ನು ಎಬ್ಬಿಸಲು ಅಥವಾ ಏನು ಉಳಿಸಲು ಮಾಡುತ್ತಿದ್ದಾರೆಂದು ಬೀಜ ಇಡುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಹೇಳಲಾಗದಿದ್ದರೆ ಆ ರೈಸ್ ವಾಪಸ್. ಬಟನ್‌ನ ಎರಡನೆಯ ಸುತ್ತಿನಿಂದ ಎಲೆ ಮುಚ್ಚಿಕೊಳ್ಳಿ.